ಆಸ್ಬೋರ್ನ್ ಮತ್ತು ಬಾಲ್ಸ್: ಹಳೆಯ ಎದುರಾಳಿಗಳ ಮಾತುಕತೆಯಿಂದ ಬ್ರಿಟನ್ನಿನ ಅರ್ಥನೀತಿ ಅರ್ಥವಾಗುತ್ತದೆಯೇ, ಮಸುಕಾಗುತ್ತದೆಯೇ?

ಧಾರವಾಡದ ಮೇಷ್ಟ್ರು (ಚರ್ಚೆ ಆರಂಭಿಸಿದವರು)

ಬ್ರಿಟನ್ನಿನ ಹಣಕಾಸು ಸಚಿವರಾಗಿದ್ದ ಕನ್ಸರ್ವೇಟಿವ್ ಪಕ್ಷದ ಜಾರ್ಜ್ ಆಸ್ಬೋರ್ನ್ ಮತ್ತು ಅವರೆದುರು ಲೇಬರ್ ಪಕ್ಷದ ಛಾಯಾ ಹಣಕಾಸು ಸಚಿವರಾಗಿದ್ದ (ಅಂದರೆ ವಿರೋಧ ಪಕ್ಷದ ಕಡೆಯಿಂದ ಆ ಖಾತೆಯನ್ನು ಪ್ರಶ್ನಿಸುವ ಹೊಣೆ ಹೊತ್ತಿದ್ದ) ಎಡ್ ಬಾಲ್ಸ್ 2023ರ ಸೆಪ್ಟೆಂಬರಿನಲ್ಲಿ ‘ಪೊಲಿಟಿಕಲ್ ಕರೆನ್ಸಿ’ ಎಂಬ ಪಾಡ್‌ಕಾಸ್ಟನ್ನು ಜೊತೆಯಾಗಿ ಆರಂಭಿಸಿದ್ದು ಇಲ್ಲಿನ ಅನೇಕರಿಗೆ ಗೊತ್ತಿದೆ. ಸಾರ್ವಜನಿಕ ಹಣಕಾಸು ಬೋಧಿಸುವವನಾದ ನನಗೆ ಪಠ್ಯಪುಸ್ತಕದಲ್ಲಿ ಸಿಗದ ಒಂದು ಸಂಗತಿ ಅಲ್ಲಿ ಸಿಗುತ್ತದೆ: ಒಂದು ತೀರ್ಮಾನವನ್ನು ಕೈಗೊಂಡವನು ಮತ್ತು ಅದನ್ನು ಅಂದೇ ಹರಿದುಹಾಕಲು ಎದ್ದು ನಿಂತವನು, ಇಬ್ಬರೂ ಒಂದೇ ಮೇಜಿನ ಬಳಿ ಕುಳಿತು ಅದನ್ನು ಮತ್ತೆ ಬಿಡಿಸಿ ನೋಡುವುದು.

ಇವರ ಜಗಳ ಸಣ್ಣದಾಗಿರಲಿಲ್ಲ. ಆರ್ಥಿಕತೆ ನೆಲಕಚ್ಚಿದೆ ಎಂದು ತೋರಿಸಲು ಬಾಲ್ಸ್ ಸರ್ಕಾರದ ಬೆಂಚುಗಳತ್ತ ಅಂಗೈಯನ್ನು ಅಡ್ಡಕ್ಕೆ ಸರಿಸಿ ಸನ್ನೆ ಮಾಡುತ್ತಿದ್ದರು. 2012ರ ಡಿಸೆಂಬರಿನಲ್ಲಿ ಆಸ್ಬೋರ್ನ್ ಅವರ ಹೇಳಿಕೆಗೆ ಉತ್ತರಿಸಲು ಎದ್ದ ಬಾಲ್ಸ್ ಮಾತು ತಡವರಿಸಿದಾಗ ಎದುರಿನ ಬೆಂಚುಗಳು ಗೇಲಿ ಮಾಡಿದವು. ತಮಗಿರುವ ಉಗ್ಗು ಅದಕ್ಕೆ ಕಾರಣವೆಂದು ಬಾಲ್ಸ್ ಆಮೇಲೆ ಹೇಳಿಕೊಂಡರು. 2015ರ ಮೇ ತಿಂಗಳ ಚುನಾವಣೆಯಲ್ಲಿ ಬಾಲ್ಸ್ ಮಾರ್ಲಿ ಅಂಡ್ ಔಟ್‌ವುಡ್ ಕ್ಷೇತ್ರದಲ್ಲಿ ಬರೀ 422 ಮತಗಳಿಂದ ಸೋತರು. ಗೆದ್ದ ಆಸ್ಬೋರ್ನ್ ಕೂಡ ಬಹಳ ದಿನ ಉಳಿಯಲಿಲ್ಲ. ಯುರೋಪಿಯನ್ ಒಕ್ಕೂಟ ತೊರೆಯುವ ಪರವಾಗಿ ಜನಮತ ಬಂದ ಮೂರು ವಾರಗಳಲ್ಲೇ, 2016ರ ಜುಲೈನಲ್ಲಿ, ಹೊಸ ಪ್ರಧಾನಿ ತೆರೇಸಾ ಮೇ ಆಸ್ಬೋರ್ನ್ ಅವರನ್ನು ಸಂಪುಟದಿಂದ ಕೈಬಿಟ್ಟರು.

ಇಬ್ಬರೂ ಅಧಿಕಾರ ಕಳೆದುಕೊಂಡ ಮೇಲೆ ಮಾತಾಡುವುದರಿಂದ ಬರುವ ಲಾಭಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ವೃದ್ಧರಿಗೆ ಚಳಿಗಾಲದ ಇಂಧನಕ್ಕೆಂದು ಕೊಡುವ ಸಹಾಯಧನವನ್ನು 1997ರಲ್ಲಿ ಆರಂಭಿಸಿದವರು ಲೇಬರ್ ಸರ್ಕಾರದ ಹಣಕಾಸು ಸಚಿವ ಗಾರ್ಡನ್ ಬ್ರೌನ್. ಆಗ ಬ್ರೌನ್ ಅವರ ಸಲಹೆಗಾರರಾಗಿದ್ದವರು ಬಾಲ್ಸ್. 2010ರ ಚುನಾವಣೆಯಲ್ಲಿ ಕನ್ಸರ್ವೇಟಿವ್ ನಾಯಕ ಡೇವಿಡ್ ಕ್ಯಾಮರನ್ ಅದನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟರು, ಹೀಗಾಗಿ ಬೇರೆ ಹಲವು ಖರ್ಚುಗಳಿಗೆ ಕತ್ತರಿ ಹಾಕಿದ ಆಸ್ಬೋರ್ನ್ ಅವರಿಗೆ ಇದನ್ನು ರದ್ದು ಮಾಡಲಾಗಲಿಲ್ಲ. 2013ರಲ್ಲಿ, ಶ್ರೀಮಂತ ಪಿಂಚಣಿದಾರರಿಗೆ ಇದನ್ನು ನಿಲ್ಲಿಸಬೇಕೆಂದು ಹೇಳಿದವರು ಬಾಲ್ಸ್. 2024ರ ಜುಲೈನಲ್ಲಿ ಲೇಬರ್ ಪಕ್ಷದ ಹೊಸ ಹಣಕಾಸು ಸಚಿವೆ ರೇಚಲ್ ರೀವ್ಸ್ ಇದನ್ನು ಅತಿ ಬಡ ಪಿಂಚಣಿದಾರರಿಗೆ ಸೀಮಿತಗೊಳಿಸಿದರು. ಜನ ಸಿಟ್ಟಿಗೆದ್ದ ಮೇಲೆ 2025ರ ಜೂನ್‌ನಲ್ಲಿ, ವರ್ಷಕ್ಕೆ 35,000 ಪೌಂಡ್ ಒಳಗಿನ ಆದಾಯವುಳ್ಳವರಿಗೆಲ್ಲ ಹಿಂತಿರುಗಿಸಿದರು. ಒಂದೇ ಸಹಾಯಧನದ ಬಗ್ಗೆ ಎರಡು ಪಕ್ಷಗಳು ಮೂರು ದಶಕದಲ್ಲಿ ಇಷ್ಟು ಸಲ ಮಗ್ಗುಲು ಬದಲಿಸಿವೆ. ಸಂಸತ್ತಿನಲ್ಲಿ ಕೇಳಿದ್ದರೆ ಇದು ಧರ್ಮಯುದ್ಧವೆನಿಸುತ್ತಿತ್ತು; ಇಬ್ಬರನ್ನೂ ಒಟ್ಟಿಗೆ ಕೂರಿಸಿದಾಗ ಇದು ಮುದುಕರ ಮತಗಳ ಭಯ ಮತ್ತು ಖಜಾನೆಯ ಹಳೆಯ ಆಸೆಗಳ ನಡುವಿನ ಹಗ್ಗಜಗ್ಗಾಟ ಎಂಬುದು ಕಾಣುತ್ತದೆ.

ನನ್ನ ಪ್ರಶ್ನೆ ಇಷ್ಟೆ: ಇಂಥ ಮಾತುಕತೆ ನೀತಿಯನ್ನು ತಿಳಿಸುತ್ತದೆಯೇ, ಅಥವಾ ಹಳೆಯ ತಪ್ಪುಗಳನ್ನು ತೊಳೆದು ಬೆಳ್ಳಗೆ ಮಾಡುತ್ತದೆಯೇ?

ಯಾರ್ಕ್‌ಷೈರ್ ವಾಸಿ

ಮೇಷ್ಟ್ರೇ, ನಾನು 2009ರಿಂದ ವೆಸ್ಟ್ ಯಾರ್ಕ್‌ಷೈರಿನಲ್ಲಿದ್ದೇನೆ, ಬಾಲ್ಸ್ ಸೋತ ಕ್ಷೇತ್ರ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಆದ್ದರಿಂದ ಸ್ವಲ್ಪ ಖಾರವಾಗಿಯೇ ಬರೆಯುತ್ತೇನೆ, ಬೇಸರಿಸಬೇಡಿ.

ನನ್ನ ಮಗಳು ಕನ್ನಡದಷ್ಟೇ ಚೆನ್ನಾಗಿ ಇಂಗ್ಲಿಷ್ ಕಲಿತದ್ದು ಊರಿನ ಗ್ರಂಥಾಲಯದ ಶನಿವಾರದ ಕಥೆಗಳಿಂದ. ಆ ಗ್ರಂಥಾಲಯದಲ್ಲಿ ಈಗ ಸಂಬಳದ ಸಿಬ್ಬಂದಿಯಿಲ್ಲ. ನಿವೃತ್ತರಾದ ನಾಲ್ಕೈದು ಮಂದಿ ಸ್ವಯಂಪ್ರೇರಿತರಾಗಿ ವಾರಕ್ಕೆ ಎರಡು ದಿನ ಬಾಗಿಲು ತೆರೆಯುತ್ತಾರೆ, ನಾನೂ ಅವರಲ್ಲಿ ಒಬ್ಬ. ಅದು ಆಕಸ್ಮಿಕವಾಗಿ ಆದದ್ದಲ್ಲ. 2010ರ ನಂತರದ ಏಳೆಂಟು ವರ್ಷಗಳಲ್ಲಿ ಇಂಗ್ಲೆಂಡಿನ ಸ್ಥಳೀಯ ಆಡಳಿತಗಳಿಗೆ ಕೇಂದ್ರದಿಂದ ಬರುತ್ತಿದ್ದ ಹಣ, ಬೆಲೆಯೇರಿಕೆಯನ್ನು ಲೆಕ್ಕಕ್ಕೆ ಹಿಡಿದರೆ, ಹತ್ತಿರಹತ್ತಿರ ಅರ್ಧಕ್ಕಿಳಿಯಿತು. ವೃದ್ಧರ ಮತ್ತು ರಕ್ಷಣೆ ಬೇಕಾದ ಮಕ್ಕಳ ಆರೈಕೆ ಕಾನೂನಿನ ಪ್ರಕಾರ ಕಡ್ಡಾಯವಾದ್ದರಿಂದ ಅದನ್ನು ಮುಟ್ಟುವಂತಿರಲಿಲ್ಲ. ಹಾಗಾಗಿ ಗ್ರಂಥಾಲಯ, ಯುವಕೇಂದ್ರ, ಬಸ್ಸು, ಉದ್ಯಾನಗಳ ಮೇಲೆ ಪೆಟ್ಟು ಬಿತ್ತು. ಬಾಲ್ಸ್ ಮಕ್ಕಳ ಮತ್ತು ಶಾಲೆಗಳ ಸಚಿವರಾಗಿದ್ದಾಗ ಅವರ ಇಲಾಖೆ ದೇಶದುದ್ದಕ್ಕೂ ಸುಮಾರು 3,500 ಶಿಶುಕೇಂದ್ರಗಳ ಗುರಿ ಮುಟ್ಟಿತ್ತು. ಅವುಗಳಲ್ಲಿ ನೂರಾರು ಮುಚ್ಚಿಹೋದವು, ಅನೇಕ ಕಡೆ ಬೋರ್ಡು ಮಾತ್ರ ಉಳಿಯಿತು.

ಈಗ ಆ ಇಬ್ಬರು ನಗುನಗುತ್ತ ಮಾತಾಡುವುದನ್ನು ಕೇಳಿದರೆ ನನಗೆ ಜಾತ್ರೆ ಮುಗಿದ ಮೇಲೆ ಎರಡು ಕೋಳಿಗಳ ಒಡೆಯರು ಒಂದೇ ಹೋಟೆಲಿನಲ್ಲಿ ಚಹ ಕುಡಿದ ಹಾಗೆ ಅನಿಸುತ್ತದೆ. ಗಾಯವಾದದ್ದು ಕೋಳಿಗಳಿಗೆ. 2023ರ ಜೂನ್‌ನಲ್ಲಿ ಕೋವಿಡ್ ವಿಚಾರಣೆಯ ಮುಂದೆ ಆಸ್ಬೋರ್ನ್, ತಾವು ಖರ್ಚು ಬಿಗಿಹಿಡಿದದ್ದರಿಂದಲೇ ಸಾಂಕ್ರಾಮಿಕದ ಹೊತ್ತಿಗೆ ದೇಶಕ್ಕೆ ಸಾಲ ಮಾಡುವ ಶಕ್ತಿ ಉಳಿದಿತ್ತು ಎಂದು ವಾದಿಸಿದರು. ಅದಾಗಿ ಮೂರು ತಿಂಗಳಿಗೆ ಪಾಡ್‌ಕಾಸ್ಟ್. ಅದೇ ವಾರಗಳಲ್ಲಿ, ಹಳೆಯ ಹಗುರ ಕಾಂಕ್ರೀಟಿನ ಛಾವಣಿ ಕುಸಿಯಬಹುದೆಂದು ನೂರಕ್ಕೂ ಹೆಚ್ಚು ಶಾಲೆಗಳ ಕಟ್ಟಡಗಳನ್ನು ಪೂರ್ತಿಯಾಗಿಯೋ ಭಾಗಶಃವೋ ಮುಚ್ಚಬೇಕಾಯಿತು. ಬಾಲ್ಸ್ ಮುನ್ನಡೆಸಿದ್ದ ಶಾಲಾ ಕಟ್ಟಡಗಳ ಪುನರ್ನಿರ್ಮಾಣದ ಯೋಜನೆಯನ್ನು 2010ರ ಜುಲೈನಲ್ಲಿ ಹೊಸ ಸರ್ಕಾರ ನಿಲ್ಲಿಸಿತ್ತೆಂಬುದನ್ನು ನೆನಪಿಸಿಕೊಳ್ಳಿ.

ರೀಡಿಂಗಿನ ಲೆಕ್ಕಿಗಳು

ಅಣ್ಣ, ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೆ ಆ ಕಾಲದ ಲೆಕ್ಕವನ್ನು ಒಮ್ಮೆ ಪೂರ್ತಿ ಬಿಡಿಸಿ ನೋಡೋಣ. ನಾನು ಇಲ್ಲಿ ಲೆಕ್ಕಪರಿಶೋಧನೆಯ ಕೆಲಸದಲ್ಲಿರುವುದರಿಂದ ಈ ಅಂಕಿಗಳೊಂದಿಗೇ ಬದುಕಿದ್ದೇನೆ.

2009–10ರಲ್ಲಿ ಬ್ರಿಟನ್ನಿನ ವಾರ್ಷಿಕ ಕೊರತೆ ಒಟ್ಟು ದೇಶೀಯ ಉತ್ಪನ್ನದ ಶೇ. 10ರ ಆಸುಪಾಸಿನಲ್ಲಿತ್ತು. ಅದನ್ನು ನಾಲ್ಕು ವರ್ಷದಲ್ಲಿ ಅರ್ಧಕ್ಕಿಳಿಸುತ್ತೇವೆಂದು ಲೇಬರ್ ಪಕ್ಷದ ಅಂದಿನ ಹಣಕಾಸು ಸಚಿವ ಅಲಿಸ್ಟರ್ ಡಾರ್ಲಿಂಗ್ ಹೇಳಿದ್ದರು. ಆಸ್ಬೋರ್ನ್ ಹೆಚ್ಚುಕಡಿಮೆ ಅಷ್ಟೇ ಅವಧಿಯಲ್ಲಿ ಅದರ ಮೂಲಭಾಗವನ್ನು, ಅಂದರೆ ಆರ್ಥಿಕತೆ ಚೇತರಿಸಿಕೊಂಡರೂ ಉಳಿಯುವ ಕೊರತೆಯನ್ನು, ಪೂರ್ತಿ ಅಳಿಸುತ್ತೇವೆಂದರು; 2010ರ ಜೂನ್ 22ರ ತುರ್ತು ಬಜೆಟ್ಟಿನಲ್ಲಿ ವ್ಯಾಟ್ ಅನ್ನು ಶೇ. 17.5ರಿಂದ ಶೇ. 20ಕ್ಕೆ ಏರಿಸುವುದಾಗಿ ಘೋಷಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ ಬಾಲ್ಸ್, ಇನ್ನೂ ಛಾಯಾ ಹಣಕಾಸು ಸಚಿವರಾಗುವ ಮುಂಚೆಯೇ, ಲಂಡನ್ನಿನ ಬ್ಲೂಮ್‌ಬರ್ಗ್ ಕಚೇರಿಯಲ್ಲಿ ಒಂದು ಭಾಷಣ ಮಾಡಿ, ಎಲ್ಲರೂ ಉಳಿತಾಯ ಮಾಡುತ್ತಿರುವಾಗ ಸರ್ಕಾರವೂ ಕೈ ಬಿಗಿಹಿಡಿದರೆ ಬೆಳವಣಿಗೆ ಸಾಯುತ್ತದೆ, ಕೊರತೆಯೂ ಇಳಿಯುವುದಿಲ್ಲ ಎಂದು ವಾದಿಸಿದರು. ಅದು ಆಸ್ಬೋರ್ನ್ ವಿರುದ್ಧ ಮಾತ್ರವಲ್ಲ, ಡಾರ್ಲಿಂಗ್ ಅವರ ವೇಗದ ವಿರುದ್ಧವೂ ಆಗಿತ್ತು.

ಆಮೇಲೆ ಆದದ್ದೇನು? 2013ರ ಫೆಬ್ರವರಿಯಲ್ಲಿ ಮೂಡೀಸ್ ಸಂಸ್ಥೆ ಬ್ರಿಟನ್ನಿನ ಅತ್ಯುನ್ನತ ಸಾಲದರ್ಜೆಯನ್ನು ಕಿತ್ತುಕೊಂಡಿತು. ಆ ದರ್ಜೆ ಉಳಿಸುವುದೇ ತಮ್ಮ ಸಾಧನೆಯ ಅಳತೆಗೋಲೆಂದು ಆಸ್ಬೋರ್ನ್ ಹೇಳಿಕೊಂಡಿದ್ದರು. 2015ರ ಹೊತ್ತಿಗೆ ಕೊರತೆ ಅಳಿದಿರಲಿಲ್ಲ, ಉತ್ಪನ್ನದ ಪಾಲಿನ ಲೆಕ್ಕದಲ್ಲಿ ಸುಮಾರಾಗಿ ಅರ್ಧಕ್ಕಿಳಿದಿತ್ತು. ಅಂದರೆ ಆಸ್ಬೋರ್ನ್ ಘೋಷಿಸಿದ್ದು ತಮ್ಮ ಯೋಜನೆ, ತಲುಪಿದ್ದು ಡಾರ್ಲಿಂಗ್ ಅವರ ಊರು. ಬಾಲ್ಸ್ ಕಡೆಯೂ ಇದೇ ಕಥೆ: 2012ರ ಜನವರಿಯಲ್ಲಿ, ನಾವು ಅಧಿಕಾರಕ್ಕೆ ಬಂದರೂ ಈ ಕಡಿತಗಳನ್ನೆಲ್ಲ ಉಳಿಸಿಕೊಳ್ಳಬೇಕಾಗುತ್ತದೆ ಎಂಬ ಅರ್ಥದ ಮಾತಾಡಿ ತಮ್ಮವರಿಂದಲೇ ಬೈಸಿಕೊಂಡರು.

ಹಾಗೆಂದು ಎರಡೂ ಒಂದೇ ಎನ್ನುವವಳಲ್ಲ ನಾನು. ಕೊರತೆ ಎಷ್ಟು ಇಳಿಯಿತು ಎಂಬುದರಲ್ಲಿ ವ್ಯತ್ಯಾಸ ಕಡಿಮೆಯಿರಬಹುದು. ಯಾರ ಹೆಗಲ ಮೇಲೆ ಇಳಿಯಿತು ಎಂಬುದರಲ್ಲಿ ಹೆಚ್ಚಿದೆ. ಅದೇ ಐದು ವರ್ಷಗಳಲ್ಲಿ ಕಂಪನಿಗಳ ಲಾಭದ ಮೇಲಿನ ತೆರಿಗೆ ಶೇ. 28ರಿಂದ ಶೇ. 20ಕ್ಕೆ ಇಳಿಯಿತು, ಅತ್ಯಧಿಕ ಆದಾಯದ ತೆರಿಗೆ ಶೇ. 50ರಿಂದ ಶೇ. 45ಕ್ಕೆ ಇಳಿಯಿತು, ಇನ್ನೊಂದು ಕಡೆ ತೆರಿಗೆಯಿಲ್ಲದ ಆದಾಯದ ಮಿತಿ 6,475 ಪೌಂಡಿನಿಂದ 10,600 ಪೌಂಡಿಗೆ ಏರಿತು, ಇದು ಸರ್ಕಾರದಲ್ಲಿ ಜೊತೆಗಿದ್ದ ಲಿಬರಲ್ ಡೆಮಾಕ್ರಾಟ್ ಪಕ್ಷದವರ ಒತ್ತಾಯ. ನೀವು ಹೇಳಿದ ಗ್ರಂಥಾಲಯ ಈ ಪಟ್ಟಿಯ ಯಾವ ಸಾಲಿನಲ್ಲೂ ಕಾಣುವುದಿಲ್ಲ, ಏಕೆಂದರೆ ಅದನ್ನು ಮುಚ್ಚಿದ ಸಹಿ ಸ್ಥಳೀಯ ಆಡಳಿತದ್ದು. ಆಸ್ಬೋರ್ನ್ ಅವರ ಜಾಣತನ ಅಲ್ಲಿದೆ ಎಂದು ನನಗನಿಸುತ್ತದೆ: ಕತ್ತರಿ ಲಂಡನ್ನಿನಲ್ಲಿ, ಕೈ ಲೀಡ್ಸಿನಲ್ಲಿ.

ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ತೆರಿಗೆ, ಖರ್ಚಿನ ಬಗ್ಗೆ ಎಲ್ಲರೂ ಮಾತಾಡುತ್ತಿದ್ದೀರಿ. ಬ್ಯಾಂಕಿನ ವಿಷಯ ಯಾರೂ ಎತ್ತಲಿಲ್ಲವಾದ್ದರಿಂದ ನಾನು ಎತ್ತುತ್ತೇನೆ, ಏಕೆಂದರೆ ಈ ಇಬ್ಬರ ನಿಜವಾದ ಭಿನ್ನಾಭಿಪ್ರಾಯ ಅಲ್ಲಿದೆ ಎಂಬುದು ನನ್ನ ಅಭಿಪ್ರಾಯ.

1997ರ ಮೇ 6ರಂದು, ಅಧಿಕಾರಕ್ಕೆ ಬಂದ ವಾರದೊಳಗೇ, ಗಾರ್ಡನ್ ಬ್ರೌನ್ ಬಡ್ಡಿದರ ನಿಗದಿಪಡಿಸುವ ಹಕ್ಕನ್ನು ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಬಿಟ್ಟುಕೊಟ್ಟರು. ಆ ವಿನ್ಯಾಸದ ಹಿಂದೆ ಮೂವತ್ತರ ಬಾಲ್ಸ್ ಇದ್ದರು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಒಂಬತ್ತು ಜನರ ಸಮಿತಿ, ಸರ್ಕಾರ ಕೊಡುವ ಹಣದುಬ್ಬರದ ಗುರಿ, ಗುರಿ ಶೇ. 1ಕ್ಕಿಂತ ಹೆಚ್ಚು ತಪ್ಪಿದರೆ ಗವರ್ನರ್ ಬಹಿರಂಗ ಪತ್ರ ಬರೆದು ಕಾರಣ ಹೇಳಬೇಕು. ಅಂಥ ಮೊದಲ ಪತ್ರ ಬರೆಯಬೇಕಾಗಿ ಬಂದದ್ದು 2007ರಲ್ಲಿ, ಹತ್ತು ವರ್ಷದ ನಂತರ. 2016ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಆರು ಜನರ ಸಮಿತಿ ಮತ್ತು ಶೇ. 4ರ ಗುರಿಯೊಂದಿಗೆ ಇದೇ ಬಗೆಯ ವ್ಯವಸ್ಥೆಗೆ ಬಂದಾಗ, ಗುರಿ ತಪ್ಪಿದರೆ ಸರ್ಕಾರಕ್ಕೆ ವರದಿ ಕೊಡಬೇಕೆಂಬ ನಿಯಮವೂ ಬಂತು. ಆ ಹೊತ್ತಿಗೆ ಲಂಡನ್ನಿನ ಆ ಪತ್ರವ್ಯವಹಾರವನ್ನು ನಾವು ಬ್ಯಾಂಕಿನವರು ಕುತೂಹಲದಿಂದ ಓದುತ್ತಿದ್ದೆವು.

ಆದರೆ ಅದೇ 1997ರಲ್ಲಿ ಬ್ರೌನ್ ಮತ್ತು ಬಾಲ್ಸ್ ಇನ್ನೊಂದು ಕೆಲಸ ಮಾಡಿದರು: ಬ್ಯಾಂಕುಗಳ ಮೇಲ್ವಿಚಾರಣೆಯನ್ನು ಬ್ಯಾಂಕ್ ಆಫ್ ಇಂಗ್ಲೆಂಡಿನಿಂದ ಕಿತ್ತು ಬೇರೆ ಪ್ರಾಧಿಕಾರಕ್ಕೆ ಒಪ್ಪಿಸಿದರು. 2007ರ ಸೆಪ್ಟೆಂಬರಿನಲ್ಲಿ ನಾರ್ದರ್ನ್ ರಾಕ್ ಬ್ಯಾಂಕಿನ ಮುಂದೆ ಠೇವಣಿದಾರರು ಸಾಲುಗಟ್ಟಿ ನಿಂತಾಗ ಖಜಾನೆ, ಬ್ಯಾಂಕ್, ಪ್ರಾಧಿಕಾರ ಮೂರೂ ಒಂದರ ಮುಖ ಒಂದು ನೋಡುತ್ತಿದ್ದವು. ಆ ವರ್ಷದ ಜೂನ್ ತನಕ ಹಣಕಾಸು ಮಾರುಕಟ್ಟೆಯ ಉಸ್ತುವಾರಿ ಸಚಿವರಾಗಿದ್ದವರು ಬಾಲ್ಸ್. ಆಸ್ಬೋರ್ನ್ ಬಂದ ಮೇಲೆ ಆ ಪ್ರಾಧಿಕಾರವನ್ನೇ ರದ್ದು ಮಾಡಿ, 2013ರ ಏಪ್ರಿಲ್‌ನಿಂದ ಮೇಲ್ವಿಚಾರಣೆಯನ್ನು ಬ್ಯಾಂಕಿಗೆ ಮರಳಿಸಿದರು. ಕೊರತೆಯ ಬಗ್ಗೆ ಇವರಲ್ಲಿದ್ದದ್ದು ವೇಗದ ಜಗಳ. ಇದು ರಚನೆಯ ಜಗಳ, ಇಲ್ಲಿ ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ನಿಜವಾಗಿಯೂ ಕೆಡವಿದರು.

ಇನ್ನೊಂದು ವಿಷಯ, ಸಾಮಾನ್ಯ ಕೇಳುಗರಿಗೆ ಬೇಗ ಹೊಳೆಯುವುದಿಲ್ಲ. 2009ರ ಮಾರ್ಚಿನಿಂದ ಬ್ಯಾಂಕ್ ಹೊಸ ಹಣ ಸೃಷ್ಟಿಸಿ ಸರ್ಕಾರಿ ಸಾಲಪತ್ರಗಳನ್ನು ಕೊಳ್ಳತೊಡಗಿತು. 2012ಕ್ಕೆ 37,500 ಕೋಟಿ ಪೌಂಡ್, ಕೊನೆಗೆ ಎಲ್ಲ ಸೇರಿ 89,500 ಕೋಟಿ ಪೌಂಡ್. ಆ ಪತ್ರಗಳ ಬಡ್ಡಿಯಿಂದ ಬ್ಯಾಂಕಿನಲ್ಲಿ ಸೇರಿದ್ದ ಮಿಗತೆಯನ್ನು 2012ರ ನವೆಂಬರಿನಲ್ಲಿ ಆಸ್ಬೋರ್ನ್ ಖಜಾನೆಗೆ ತರಿಸಿಕೊಂಡರು, ಕೊರತೆಯ ಅಂಕಿ ಸ್ವಲ್ಪ ಅಂದವಾಯಿತು. ಆದರೆ ನಷ್ಟವಾದರೆ ತುಂಬಿಕೊಡುವುದೂ ಖಜಾನೆಯೇ ಎಂಬ ಹೊಣೆಪತ್ರಕ್ಕೆ 2009ರಲ್ಲೇ ಡಾರ್ಲಿಂಗ್ ಸಹಿ ಹಾಕಿದ್ದರು. ಬಡ್ಡಿದರ 2021ರ ಶೇ. 0.1ರಿಂದ 2023ರ ಆಗಸ್ಟಿಗೆ ಶೇ. 5.25 ಆದಾಗ ಹೊಳೆ ತಿರುಗಿತು. ಈಗ ಖಜಾನೆಯೇ ಬ್ಯಾಂಕಿಗೆ ಹಣ ಕಟ್ಟುತ್ತಿದೆ. ಅಂದು ತಂದವರು ಆಸ್ಬೋರ್ನ್, ಇಂದು ಕೊಡುತ್ತಿರುವವರು ರೀವ್ಸ್.

ಧಾರವಾಡದ ಮೇಷ್ಟ್ರು

ಸರ್, ಈ ವಿವರಕ್ಕೆ ಕೃತಜ್ಞ. ಮುಂದಿನ ವಾರ ತರಗತಿಯಲ್ಲಿ ನಿಮ್ಮ ‘ಹೊಳೆ ತಿರುಗಿತು’ ಎಂಬ ಮಾತನ್ನು ಕದಿಯುತ್ತೇನೆ.

ಯಾರ್ಕ್‌ಷೈರ್ ವಾಸಿಗಳ ಸಿಟ್ಟಿಗೆ ಉತ್ತರ ಕೊಡಬೇಕು. ನನ್ನ ಕಿವಿಗೆ ಬೀಳುವುದು ಬರೀ ನಗು ಅಲ್ಲ, ಒಂದು ಬಗೆಯ ಹೊಸ ಗಾಬರಿ. 2022ರ ಸೆಪ್ಟೆಂಬರ್ 23ರಂದು ಪ್ರಧಾನಿ ಲಿಜ್ ಟ್ರಸ್ ಸರ್ಕಾರದ ಹಣಕಾಸು ಸಚಿವ ಕ್ವಾಸಿ ಕ್ವಾರ್ಟೆಂಗ್ 4,500 ಕೋಟಿ ಪೌಂಡುಗಳ ತೆರಿಗೆ ಕಡಿತವನ್ನು, ಅದಕ್ಕೆ ಹಣ ಎಲ್ಲಿಂದ ಎಂದು ಹೇಳದೆ, ಸ್ವತಂತ್ರ ಮುನ್ನಂದಾಜನ್ನೂ ತರಿಸಿಕೊಳ್ಳದೆ ಘೋಷಿಸಿದರು. ಖಜಾನೆಯ ಅತ್ಯುನ್ನತ ಅಧಿಕಾರಿಯನ್ನು ಅದಕ್ಕೆ ಎರಡು ವಾರ ಮುಂಚೆಯೇ ಮನೆಗೆ ಕಳಿಸಿದ್ದರು. ಮೂರು ದಿನದಲ್ಲಿ ಪೌಂಡು 1.03 ಡಾಲರಿನ ಹತ್ತಿರಕ್ಕೆ ಕುಸಿಯಿತು. ಸರ್ಕಾರಿ ಸಾಲಪತ್ರಗಳ ಬೆಲೆ ಬಿದ್ದಾಗ ಕೊಡಬೇಕಾದ ಹೆಚ್ಚಿನ ಒತ್ತೆ ತುಂಬಲು ಪಿಂಚಣಿ ನಿಧಿಗಳು ಆ ಪತ್ರಗಳನ್ನೇ ಮಾರತೊಡಗಿ, ಮಾರಿದಷ್ಟೂ ಬೆಲೆ ಕುಸಿದು, ಕುಸಿದಷ್ಟೂ ಮತ್ತೆ ಮಾರಬೇಕಾಗಿ ಬಂದು, ಕೊನೆಗೆ ಬ್ಯಾಂಕ್ ಆಫ್ ಇಂಗ್ಲೆಂಡ್ ಮಧ್ಯೆ ಬಂದು 6,500 ಕೋಟಿ ಪೌಂಡಿನ ಸಾಲಪತ್ರ ಕೊಂಡಿತು. ಟ್ರಸ್ 45ನೇ ದಿನ ರಾಜೀನಾಮೆ ಕೊಟ್ಟರು; ಆ ಸ್ಥಾನಕ್ಕೆ ಬಂದವರು ರಿಷಿ ಸುನಕ್, ನಮ್ಮ ಬೆಂಗಳೂರಿನ ಅಳಿಯ.

ಆ ಬಿರುಗಾಳಿ ಮುಗಿದ ಒಂದೇ ವರ್ಷಕ್ಕೆ ಈ ಇಬ್ಬರೂ ಜೊತೆಯಾಗಿ ಕುಳಿತದ್ದು ಕಾಕತಾಳೀಯ ಅಲ್ಲವೆಂದು ನನಗೆ ಅನಿಸುತ್ತದೆ. ಬಾಲ್ಸ್ ಬ್ಯಾಂಕಿನ ಸ್ವಾತಂತ್ರ್ಯ ಕಟ್ಟಿದರು, ಆಸ್ಬೋರ್ನ್ 2010ರಲ್ಲಿ ಬಜೆಟ್ ಹೊಣೆಗಾರಿಕೆಯ ಕಚೇರಿ ಕಟ್ಟಿದರು. ಬಜೆಟ್ಟಿನ ಮುನ್ನಂದಾಜನ್ನು ಸಚಿವರೇ ಬರೆದುಕೊಳ್ಳದಂತೆ ತಡೆಯಲು ಹುಟ್ಟಿದ ಕಚೇರಿ ಅದು. ಒಬ್ಬರ ಮನೆಯ ಗೋಡೆ ಇನ್ನೊಬ್ಬರ ಮನೆಗೂ ಆಸರೆ. ಟ್ರಸ್ ಆ ಎರಡೂ ಗೋಡೆಗಳಿಗೆ ಗುದ್ದಲಿ ಹಾಕಿದಾಗ ಅಕ್ಕಪಕ್ಕದ ಮನೆಯ ಹಳೆ ವೈರಿಗಳು ಒಂದಾದರು.

ಹಳೆ ಓದುಗ

ಹಾಗಾದರೆ ಇದು ಹೊಸದೇನಲ್ಲ. 1950–51ರಲ್ಲಿ ಲೇಬರ್ ಪಕ್ಷದ ಹ್ಯೂ ಗೇಟ್ಸ್‌ಕೆಲ್ ಹಣಕಾಸು ಸಚಿವರು, ಅವರ ನಂತರ ಕನ್ಸರ್ವೇಟಿವ್ ಪಕ್ಷದ ಆರ್. ಎ. ಬಟ್ಲರ್. ಇಬ್ಬರ ನೀತಿಯೂ ಒಂದೇ ಎಂದು ಹಾಸ್ಯ ಮಾಡಲು 1954ರಲ್ಲಿ ‘ದಿ ಎಕಾನಮಿಸ್ಟ್’ ಪತ್ರಿಕೆ ಎರಡು ಹೆಸರನ್ನೂ ಹೊಲಿದು ‘ಮಿಸ್ಟರ್ ಬಟ್‌ಸ್ಕೆಲ್’ ಎಂಬ ಒಬ್ಬ ಮನುಷ್ಯನನ್ನು ಸೃಷ್ಟಿಸಿತು. ಆ ಹೆಸರು ಅಂಟಿಕೊಂಡಿತು.

ತಮಾಷೆಯೆಂದರೆ 1952ರಲ್ಲೇ ಬಟ್ಲರ್ ಪೌಂಡಿನ ಬೆಲೆಯನ್ನು ಮಾರುಕಟ್ಟೆಗೆ ಬಿಡುವ ‘ರೋಬಾಟ್’ ಎಂಬ ಗುಪ್ತ ಯೋಜನೆಯ ಪರವಾಗಿ ನಿಂತಿದ್ದರು, ಸಂಪುಟ ಒಪ್ಪಲಿಲ್ಲ. ಒಪ್ಪಿದ್ದರೆ ಪೂರ್ಣ ಉದ್ಯೋಗದ ಭರವಸೆಗೇ ಕುತ್ತು ಬರುತ್ತಿತ್ತು, ಅದು ಗೇಟ್ಸ್‌ಕೆಲ್ ಕನಸಿನಲ್ಲೂ ಒಪ್ಪದ ದಾರಿ. ಹೊರಗೆ ಒಬ್ಬನೇ ಮನುಷ್ಯನಂತೆ ಕಂಡ ಇಬ್ಬರ ನಡುವೆ ಒಳಗೆ ಅಂಥ ಕಂದಕವಿತ್ತು. ಆಸ್ಬೋರ್ನ್, ಬಾಲ್ಸ್ ವಿಷಯದಲ್ಲೂ ಸ್ನೇಹದ ದನಿ ಕೇಳಿ ನೀತಿಯೂ ಒಂದೇ ಎಂದುಕೊಳ್ಳಬೇಡಿ ಎಂಬುದಷ್ಟೇ ನನ್ನ ಮಾತು. ದನಿ ತಗ್ಗಿದೆ, ಅಷ್ಟೆ.

ಯಾರ್ಕ್‌ಷೈರ್ ವಾಸಿ

ಬಟ್ಲರ್, ಗೇಟ್ಸ್‌ಕೆಲ್ ಇಬ್ಬರೂ ಆಗ ಇನ್ನೂ ಕಣದಲ್ಲಿದ್ದವರು, ಜನ ಅವರಿಗೆ ಮತ ಹಾಕಬಹುದಿತ್ತು, ಹಾಕದಿರಬಹುದಿತ್ತು. ಇವರಿಬ್ಬರನ್ನು ನಾನು ಸೋಲಿಸಲಾರೆ. ಹೆಚ್ಚೆಂದರೆ ಮೊಬೈಲಿನಲ್ಲಿ ನಿಲ್ಲಿಸಬಹುದು.

ಮೇಷ್ಟ್ರ ಗೋಡೆಯ ಮಾತು ಸರಿಯೆಂದೇ ಒಪ್ಪುತ್ತೇನೆ, ಅಲ್ಲಿಯೇ ನನ್ನ ತಕರಾರೂ ಇದೆ. ಇವರಿಬ್ಬರೂ ಆಕ್ಸ್‌ಫರ್ಡಿನಲ್ಲಿ ಓದಿದವರು, ಇಬ್ಬರೂ ಪೌಂಡನ್ನು ಬಿಟ್ಟು ಯೂರೋ ಸೇರುವುದನ್ನು ಬೇಡವೆಂದವರು, ಇಬ್ಬರೂ 2016ರಲ್ಲಿ ಒಕ್ಕೂಟದಲ್ಲಿ ಉಳಿಯಬೇಕೆಂದವರು. ಆ ಜನಮತದಲ್ಲಿ ತೊರೆಯೋಣ ಎಂದ ಶೇ. 51.9 ಜನರ ಪರವಾಗಿ ಆ ಮೇಜಿನಲ್ಲಿ ಯಾರು ಕುಳಿತಿದ್ದಾರೆ? ನಮ್ಮ ಭಾಗದ ಬಹುಪಾಲು ಜನ ಹಾಗೆ ಮತ ಹಾಕಿದರು. ಅವರಲ್ಲಿ ಕೆಲವರು ನನ್ನ ಜೊತೆ ಗ್ರಂಥಾಲಯದ ಬಾಗಿಲು ತೆರೆಯುವವರು, ಒಳ್ಳೆಯ ಜನ.

ಬಾಲ್ಸ್ ಅವರನ್ನು 422 ಮತಗಳಿಂದ ಸೋಲಿಸಿದವರು ಕನ್ಸರ್ವೇಟಿವ್ ಪಕ್ಷದ ಆಂಡ್ರಿಯಾ ಜೆಂಕಿನ್ಸ್. ಅವರು 2024ರಲ್ಲಿ ಸೋತರು, ಯುರೋಪಿಯನ್ ಒಕ್ಕೂಟದ ವಿರೋಧಿಯಾದ ರಿಫಾರ್ಮ್ ಪಕ್ಷ ಸೇರಿದರು, 2025ರ ಮೇ ತಿಂಗಳಲ್ಲಿ ಗ್ರೇಟರ್ ಲಿಂಕನ್‌ಷೈರಿನ ಮೇಯರ್ ಆಗಿ ಗೆದ್ದರು. ಬಾಲ್ಸ್ ಅವರ ಆಸನ ಕಸಿದುಕೊಂಡವರು ಜೆಂಕಿನ್ಸ್, ಆಸ್ಬೋರ್ನ್ ಅಲ್ಲ. ಆಸ್ಬೋರ್ನ್ ಅವರ ಖುರ್ಚಿ ಕಿತ್ತದ್ದೂ ಬಾಲ್ಸ್ ಅಲ್ಲ, ಜನಮತ. ಅಂದರೆ ಇಬ್ಬರನ್ನೂ ಮನೆಗೆ ಕಳಿಸಿದ್ದು ಹೆಚ್ಚುಕಡಿಮೆ ಒಂದೇ ಗಾಳಿ. ನಿಜವಾದ ಎದುರಾಳಿ ಆ ಕೋಣೆಯಲ್ಲಿ ಇಲ್ಲವೇ ಇಲ್ಲ. ಹಾಗಿರುವಾಗ ಅದನ್ನು ಎದುರಾಳಿಗಳ ಸಂವಾದ ಎಂದು ಹೇಗೆ ಕರೆಯುವುದು?

ರೀಡಿಂಗಿನ ಲೆಕ್ಕಿಗಳು

ಅಣ್ಣ, ಈ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಆದರೂ ಖುರ್ಚಿ ಕಿತ್ತವರನ್ನು ಮಾತ್ರ ಎದುರಾಳಿ ಎನ್ನುವುದಾದರೆ ನೀತಿಯ ಜಗಳಕ್ಕೆ ಬೆಲೆಯೇ ಇಲ್ಲವಾಗುತ್ತದೆ. ಸಂಬಳದ ಮೇಲೆ ನೌಕರರೂ ಮಾಲೀಕರೂ ಕಟ್ಟುವ ರಾಷ್ಟ್ರೀಯ ವಿಮೆಯ ವಂತಿಗೆಯನ್ನೇ ನೋಡಿ.

2002ರಲ್ಲಿ ಬ್ರೌನ್, ಬಾಲ್ಸ್ ಆರೋಗ್ಯ ಸೇವೆಗೆ ಹಣ ಬೇಕೆಂದು ಆ ವಂತಿಗೆ ಏರಿಸಿದರು, ಜನ ಸಹಿಸಿಕೊಂಡರು. 2010ರಲ್ಲಿ ಲೇಬರ್ ಮತ್ತೆ ಏರಿಸಹೊರಟಾಗ ಆಸ್ಬೋರ್ನ್ ಅದನ್ನು ಉದ್ಯೋಗದ ಮೇಲಿನ ತೆರಿಗೆ ಎಂದು ಹೀಗಳೆದು ಚುನಾವಣೆಯ ಅಸ್ತ್ರ ಮಾಡಿಕೊಂಡರು. ಗೆದ್ದ ಮೇಲೆ ಏರಿಸಿದ್ದು ವ್ಯಾಟ್. 2024ರಲ್ಲಿ ಲೇಬರ್ ಪಕ್ಷ ದುಡಿಯುವ ಜನರ ಆದಾಯ ತೆರಿಗೆ, ರಾಷ್ಟ್ರೀಯ ವಿಮೆ, ವ್ಯಾಟ್ ಮೂರನ್ನೂ ಏರಿಸುವುದಿಲ್ಲವೆಂದು ಪ್ರಣಾಳಿಕೆಯಲ್ಲಿ ಬರೆದು ತನ್ನ ಕೈಯನ್ನು ತಾನೇ ಕಟ್ಟಿಕೊಂಡಿತು. ಕಟ್ಟಿದ ಕೈಯಿಂದಲೇ ರೀವ್ಸ್ ಆ ವರ್ಷದ ಅಕ್ಟೋಬರ್ 30ರಂದು ಮಾಲೀಕರು ಕಟ್ಟುವ ವಂತಿಗೆಯನ್ನು ಶೇ. 13.8ರಿಂದ ಶೇ. 15ಕ್ಕೆ ಏರಿಸಿ, ವಂತಿಗೆ ಶುರುವಾಗುವ ಸಂಬಳದ ಮಿತಿಯನ್ನು 9,100 ಪೌಂಡಿನಿಂದ 5,000 ಪೌಂಡಿಗೆ ಇಳಿಸಿದರು. ನನ್ನ ಬಳಿ ಲೆಕ್ಕ ಬರೆಸುವ ಒಂದು ಸಣ್ಣ ದಕ್ಷಿಣ ಭಾರತೀಯ ಹೋಟೆಲಿಗೆ ಕಚ್ಚಿದ್ದು ದರದ ಏರಿಕೆಗಿಂತ ಮಿತಿಯ ಇಳಿಕೆ. ವಾರಕ್ಕೆ ಹದಿನೈದು ಗಂಟೆ ದುಡಿಯುವ ಹುಡುಗರ ಸಂಬಳವೂ ಲೆಕ್ಕದೊಳಗೆ ಬಂತು. (2025ರ ಜುಲೈನಲ್ಲಿ ಸಹಿಯಾದ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದದ ಜೊತೆ ಬಂದ ಈ ವಂತಿಗೆಯ ವಿನಾಯಿತಿ ಬೆಂಗಳೂರಿನ ಕಂಪನಿಗಳು ತಾತ್ಕಾಲಿಕವಾಗಿ ಕಳಿಸುವ ನೌಕರರಿಗೆ ಮಾತ್ರ, ಇಲ್ಲಿಯೇ ಸೇರಿಸಿಕೊಂಡ ಹುಡುಗರಿಗೆ ಅದು ಅನ್ವಯಿಸದು. ಹಲವರು ಕೇಳುತ್ತಿರುತ್ತಾರೆ.)

ಚುನಾವಣೆಗೆ ಮುಂಚೆ ಕೊಟ್ಟ ಮಾತು ಬಜೆಟ್ಟಿನ ದಿನ ಯಾವ ಕಿಂಡಿಯಿಂದ ನುಸುಳಿ ಹೊರಬರುತ್ತದೆ ಎಂಬುದನ್ನು, ಹಾಗೆ ನುಸುಳಿದವರು ಮತ್ತು ಹಿಡಿಯಲು ಕಾದು ಕುಳಿತವರು ಸೇರಿ ವಿವರಿಸಿದರೆ ನನಗೆ ಉಪಯೋಗವಿದೆ. ಅದು ನ್ಯಾಯಾಲಯವಲ್ಲ; ನ್ಯಾಯಾಲಯವಾಗಲಿ ಎಂದು ನಾನು ನಿರೀಕ್ಷಿಸುವುದೂ ಇಲ್ಲ.

ಧಾರವಾಡದ ಮೇಷ್ಟ್ರು

ಯಾರ್ಕ್‌ಷೈರ್ ವಾಸಿಗಳ ಕೊನೆಯ ಪ್ರಶ್ನೆಯ ಮುಂದೆ ನನ್ನ ಮೊದಲ ಬರಹದ ಒಂದು ಸಾಲನ್ನು ಹಿಂತೆಗೆದುಕೊಳ್ಳುತ್ತೇನೆ. ‘ಇಬ್ಬರೂ ಅಧಿಕಾರ ಕಳೆದುಕೊಂಡ ಮೇಲೆ ಮಾತಾಡುವುದರಿಂದ ಬರುವ ಲಾಭ’ ಎಂದು ಬರೆದಿದ್ದೆ. ಅಧಿಕಾರ ಹೋಗಿದೆ, ಅವರ ತೀರ್ಮಾನಗಳು ಹೋಗಿಲ್ಲ. ಎರಡಕ್ಕಿಂತ ಹೆಚ್ಚಿನ ಮಕ್ಕಳಿಗೆ ಸಹಾಯಧನ ಇಲ್ಲವೆಂಬ ಮಿತಿಯನ್ನು 2015ರ ಜುಲೈ ಬಜೆಟ್ಟಿನಲ್ಲಿ ತಂದವರು ಆಸ್ಬೋರ್ನ್. ಅದನ್ನು 2026ರ ಏಪ್ರಿಲ್‌ನಿಂದ ತೆಗೆಯುತ್ತೇವೆಂದು ರೀವ್ಸ್ ಘೋಷಿಸಿದ್ದು 2025ರ ನವೆಂಬರ್ 26ರಂದು. ಅದೇ ದಿನ ಆಸ್ಬೋರ್ನ್ ಕಟ್ಟಿದ ಬಜೆಟ್ ಹೊಣೆಗಾರಿಕೆಯ ಕಚೇರಿ, ರೀವ್ಸ್ ಎದ್ದು ನಿಲ್ಲುವ ಮುಂಚೆಯೇ, ಇಡೀ ಬಜೆಟ್ಟಿನ ಗುಟ್ಟನ್ನು ಅಂತರಜಾಲದಲ್ಲಿ ತಪ್ಪಿ ಬಯಲು ಮಾಡಿತು. ಕೆಲವೇ ದಿನಗಳಲ್ಲಿ ಅದರ ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಒಂದೇ ಮಧ್ಯಾಹ್ನ ಅವರ ಒಂದು ನೀತಿ ಬಿತ್ತು, ಒಂದು ಸಂಸ್ಥೆ ಮುಗ್ಗರಿಸಿತು.

ಅಂಥ ದಿನ ಆಸ್ಬೋರ್ನ್ ಬರೀ ವಿಶ್ಲೇಷಕರಾಗಿ ಮಾತಾಡುವುದು ಸಾಧ್ಯವಿಲ್ಲ, ಅವರು ಕಕ್ಷಿದಾರರೂ ಹೌದು. ಆಗ ಪಕ್ಕದಲ್ಲಿ ಬಾಲ್ಸ್ ಇರುವುದು ಸಾಕಾಗುತ್ತದೆಯೇ ಎಂದು ಕೇಳಿದರೆ, ಬ್ಯಾಂಕಿನ ವಿಷಯಕ್ಕೆ ಸಾಕು ಎನ್ನುತ್ತೇನೆ, ಮೂರನೆಯ ಮಗುವಿನ ವಿಷಯಕ್ಕೆ ಸಾಲದು.

ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಮೇಷ್ಟ್ರೇ, ಒಂದು ತಿದ್ದುಪಡಿ. ತರಗತಿಗೆ ಹೋಗುವ ಮುಂಚೆ ಸರಿಪಡಿಸಿಕೊಳ್ಳಿ. 2022ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ 6,500 ಕೋಟಿ ಪೌಂಡಿನ ಪತ್ರಗಳನ್ನು ಕೊಂಡಿತು ಎಂದು ಬರೆದಿದ್ದೀರಿ. ಅದು ಆರಂಭದಲ್ಲಿ ಹೇಳಿದ ಗರಿಷ್ಠ ಮಿತಿ. ನಿಜವಾಗಿ ಕೊಂಡದ್ದು 1,930 ಕೋಟಿ ಪೌಂಡಿನಷ್ಟು. ಕೊಳ್ಳಲು ಸಿದ್ಧ ಎಂದದ್ದೇ ಬಹುಮಟ್ಟಿಗೆ ಕೆಲಸ ಮಾಡಿತು. ಆಮೇಲೆ ಆ ಪತ್ರಗಳನ್ನು ಲಾಭಕ್ಕೇ ಮಾರಿದರು.

ಧಾರವಾಡದ ಮೇಷ್ಟ್ರು

ತಿದ್ದಿಕೊಂಡೆ ಸರ್, ಧನ್ಯವಾದ. ಯಾರ್ಕ್‌ಷೈರ್ ವಾಸಿಗಳೇ, ನಿಮ್ಮ ಗ್ರಂಥಾಲಯದ ಗೆಳೆಯರಲ್ಲಿ ಯಾರಾದರೂ 2015ರಲ್ಲಿ ಬಾಲ್ಸ್ ಅವರನ್ನು ಸೋಲಿಸಲು ಮತ ಹಾಕಿದವರಿದ್ದರೆ, ಅಂದು ಏಕೆ ಹಾಗೆ ಮತ ಹಾಕಿದಿರಿ ಎಂದು ಕೇಳಿ, ಅವರು ಒಪ್ಪಿದರೆ ಇಲ್ಲಿ ಬರೆಯಿರಿ.

ಯಾರ್ಕ್‌ಷೈರ್ ವಾಸಿ

ಗುರುವಾರ ನನ್ನ ಪಾಳಿ ಇದೆ. ಕೇಳುತ್ತೇನೆ.